ಸೊಳ್ಳೆಯ ಎಂಜಲೂ ಮೈಮೇಲಿನ ಬಾವೂ

ನಾಲ್ಕು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ಸೋಮವಾರ ನಮ್ಮ ಶಾಲೆಯ ಮೂರನೆಯ ತರಗತಿಯ ಹುಡುಗನೊಬ್ಬನು ಬಲಗಣ್ಣು ಪೂರ್ತಿ ಮುಚ್ಚಿಕೊಂಡು ಬಂದನು. ರೆಪ್ಪೆಯು ಸಣ್ಣ ಲಿಂಬೆಯಷ್ಟು ಉಬ್ಬಿತ್ತು. ಎಡಗೈಯು ಮಣಿಕಟ್ಟಿನಿಂದ ಮೊಣಕೈಯ ಹತ್ತಿರದವರೆಗೆ ಕೆಂಪಾಗಿ ಬಾತಿತ್ತು. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಕಂಬಳಿಹುಳ ಹರಿದಿರಬೇಕು ಎಂದು ಒಬ್ಬರು, ಚೇಳು ಕುಟುಕಿದೆ ಎಂದು ಇನ್ನೊಬ್ಬರು, ನಂಜಿನ ಮೀನು ತಿಂದನೋ ಏನೋ ಎಂದು ಮೂರನೆಯವರು. ಹುಡುಗನ ತಾಯಿ ಮಾತ್ರ, "ಇದು ನುಸಿ ಕಚ್ಚಿದ್ದೇ ಮಾಷ್ಟ್ರೇ. ನಿನ್ನೆ ಸಂಜೆ ತೋಟದಲ್ಲಿ ಅಡಿಕೆ ಹೆಕ್ಕುವಾಗ ಕಚ್ಚಿತು. ಪ್ರತಿ ಮಳೆಗಾಲದಲ್ಲೂ ಇವನಿಗೆ ಹೀಗೆಯೇ" ಎಂದರು.

"ನುಸಿ ಕಚ್ಚಿ ಇಷ್ಟು ಬಾಯುವುದುಂಟೇ ಅಕ್ಕ? ನಮಗೆಲ್ಲ ಕಚ್ಚುವುದಿಲ್ಲವೇ?" ಎಂದು ನಾವು ಆ ಮಾತನ್ನು ತಳ್ಳಿಹಾಕಿದೆವು. ತಪ್ಪು ನಮ್ಮದು. ಅದು ಕೀವಿನ ಬಾವೆಂದೇ ತಿಳಿದು ಪೇಟೆಗೆ ಕಳುಹಿಸಿದೆವು. ಅಲ್ಲಿಯೂ ಹಾಗೆಂದೇ ಎಣಿಸಿ ಕೀವು ಒಣಗಿಸುವ ಮಾತ್ರೆ ಕೊಟ್ಟರು. ನಾಲ್ಕೈದು ದಿನಗಳಲ್ಲಿ ಬಾವು ಇಳಿಯಿತು. ಮಾತ್ರೆಯಿಂದಲೇ ಇಳಿಯಿತೆಂದು ನಾವೆಲ್ಲ ನಂಬಿದೆವು. ಮುಂದಿನ ತಿಂಗಳು ಮತ್ತೆ ಬಾವು, ಮತ್ತೆ ಅದೇ ಮಾತ್ರೆ. ಮೂರನೆಯ ಸಲ ಬೇರೊಬ್ಬ ವೈದ್ಯರು ಹುಡುಗನನ್ನು ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ, "ಕಚ್ಚಿ ಎಷ್ಟು ಗಂಟೆಗೆ ಬಾತಿತು?" ಎಂಬುದು. ತಾಯಿ ಹೇಳಿದ್ದು ಸರಿಯಾಗಿತ್ತು. ಅದು ಸೊಳ್ಳೆ ಕಡಿತಕ್ಕೆ ಹುಡುಗನ ಮೈ ತೋರಿಸುವ ಅತಿರೇಕ, ಅಂದರೆ ಅಲರ್ಜಿ. ಮಾಷ್ಟ್ರಾದ ನಮಗೆ ಪಾಠವಾಯಿತು. ಅಂದಿನಿಂದ ಈ ವಿಷಯವಾಗಿ ಓದಿ ತಿಳಿದುದನ್ನು ಈ ಪುಟದ ವಾಚಕರ ಮುಂದಿಡುತ್ತಿದ್ದೇವೆ. ನಮ್ಮಲ್ಲಿ ನುಸಿ, ತುಳುವಿನಲ್ಲಿ ಉಮಿಲ್, ಮಲಯಾಳದಲ್ಲಿ ಕೊತುಗ್, ಮಿಕ್ಕ ಕಡೆಯ ಕನ್ನಡಿಗರಿಗೆ ಸೊಳ್ಳೆ. ಹೆಸರು ಯಾವುದಾದರೇನು, ತುರಿಕೆ ಒಂದೇ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಸೊಳ್ಳೆಯು ಚೇಳಿನಂತೆ ವಿಷ ಬಿಡುವ ಪ್ರಾಣಿಯಲ್ಲ. ಅದಕ್ಕೆ ನಮ್ಮನ್ನು ನೋಯಿಸಬೇಕೆಂಬ ಹಟವಿಲ್ಲ. ನೋವಾಗದಂತೆ ಕುಡಿದು ಹೋದರೇ ಅದಕ್ಕೆ ಕ್ಷೇಮ. ರಕ್ತ ಕುಡಿಯುವುದು ಹೆಣ್ಣು ಸೊಳ್ಳೆ ಮಾತ್ರ, ಅದೂ ಮೊಟ್ಟೆ ಬಲಿಯುವುದಕ್ಕಾಗಿ. ಗಂಡಿಗೆ ಹೂವಿನ ಮಕರಂದವೇ ಸಾಕು. ನಾವು ಒಂದೇ ಸೂಜಿಯೆಂದು ತಿಳಿದಿರುವ ಸೊಳ್ಳೆಯ ಸೊಂಡಿಲಿನೊಳಗೆ ಕೂದಲಿಗಿಂತ ತೆಳ್ಳನೆಯ ಆರು ಕಡ್ಡಿಗಳಿವೆ. ಅವುಗಳಲ್ಲಿ ಒಂದು ದಾರಿ ರಕ್ತವನ್ನು ಮೇಲಕ್ಕೆಳೆಯುವುದಕ್ಕೆ, ಇನ್ನೊಂದು ದಾರಿ ಎಂಜಲನ್ನು ಕೆಳಕ್ಕಿಳಿಸುವುದಕ್ಕೆ. ಕುಡಿಯುವಷ್ಟು ಹೊತ್ತೂ ಎಂಜಲು ನಮ್ಮ ಚರ್ಮದೊಳಕ್ಕೆ ಇಳಿಯುತ್ತಲೇ ಇರುತ್ತದೆ.

ತುರಿಕೆಗೆ ಕಾರಣ ಸೂಜಿಯೋ ಎಂಜಲೋ? ಇದನ್ನು 1960ರಲ್ಲಿ ಹಡ್ಸನ್, ಬೋಮನ್ ಮತ್ತು ಆರ್ ಎಂಬ ಮೂವರು ಬಹಳ ಸರಳವಾದ ಉಪಾಯದಿಂದ ಪರೀಕ್ಷಿಸಿದರು. ಉಪಾಯ ಸರಳ, ಕೈಕೆಲಸ ಮಾತ್ರ ಅತಿ ನಾಜೂಕು. ಸೊಳ್ಳೆಯ ಎಂಜಲು ಹರಿದುಬರುವ ನಾಳವನ್ನೇ ಕತ್ತರಿಸಿ, ಬಳಿಕ ಆ ಸೊಳ್ಳೆಗಳಿಂದ ಮನುಷ್ಯರನ್ನು ಕಚ್ಚಿಸಿದರು. ಸೊಳ್ಳೆಗಳು ಎಂದಿನಂತೆ ಚುಚ್ಚಿ ರಕ್ತ ಕುಡಿದವು. ಆದರೆ ಬೇರೆ ಸೊಳ್ಳೆ ಕಚ್ಚಿದರೆ ದದ್ದು ಏಳುತ್ತಿದ್ದ ಜನರಿಗೂ ಇವು ಕಚ್ಚಿದ ಕಡೆ ದದ್ದು ಏಳಲಿಲ್ಲ, ತುರಿಸಲಿಲ್ಲ. ಅಲ್ಲಿಗೆ ಸೂಜಿ ನಿರಪರಾಧಿಯೆಂದಾಯಿತು, ಅಪರಾಧವೆಲ್ಲ ಎಂಜಲಿನ ಮೇಲೆ ಬಂತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಂಜಲೇ ಕಾರಣವಾದರೆ ಅದೇ ಎಂಜಲು ಅಜ್ಜಿಗೆ ಏಕೆ ಏನೂ ಮಾಡುವುದಿಲ್ಲ? ಗಲ್ಫಿನಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ರಜೆಗೆಂದು ಊರಿಗೆ ಬಂದು ಚಾವಡಿಯಲ್ಲಿ ಒಂದು ಸಂಜೆ ಕುಳಿತರೆ ಮೈಯೆಲ್ಲ ದದ್ದಾಗಿ ಅಳುವುದನ್ನು ನಮ್ಮ ಕಾಸರಗೋಡಿನ ಕಡೆ ಮನೆಮನೆಯಲ್ಲಿ ಕಾಣುತ್ತೇವೆ. ಪಕ್ಕದಲ್ಲೇ ಕುಳಿತು ಎಲೆ ಅಡಿಕೆ ಜಗಿಯುವ ಅಜ್ಜಿಗೆ ಅದೇ ಸೊಳ್ಳೆ ಕಚ್ಚಿದರೂ ಕೈ ಬೀಸಿ ಸುಮ್ಮನಾಗುತ್ತಾರೆ. "ಪೇಟೆ ಮಕ್ಕಳ ಮೈ ಮೆದು" ಎಂದು ಹೇಳಿ ಮುಗಿಸುತ್ತೇವೆ. ಮೈ ಮೆದುವಾದುದರಿಂದಲ್ಲ, ಮೈಗೆ ಪರಿಚಯ ಸಾಲದುದರಿಂದ.

ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ಕೆನೆತ್ ಮೆಲ್ಲನ್‌ಬಿ ಎಂಬವರು 1946ರಲ್ಲಿಯೇ ಇದರ ಮೆಟ್ಟಿಲುಗಳನ್ನು ಗುರುತಿಸಿದರು. ಜನ್ಮದಲ್ಲಿ ಆ ಜಾತಿಯ ಸೊಳ್ಳೆ ಕಚ್ಚದವನಿಗೆ ಮೊದಲ ಕಡಿತಗಳಿಂದ ಏನೂ ಆಗುವುದಿಲ್ಲ. ಇನ್ನಷ್ಟು ಕಡಿತಗಳಾದ ಮೇಲೆ, ಕಚ್ಚಿದ ಮರುದಿನ ತುರಿಸುವ ಗುಳ್ಳೆ ಏಳಲಾರಂಭಿಸುತ್ತದೆ. ಮುಂದೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಒಂದು ದದ್ದು, ಮರುದಿನ ಮತ್ತೊಂದು ಗುಳ್ಳೆ, ಹೀಗೆ ಎರಡೂ ಬರುತ್ತವೆ. ಆಮೇಲೆ ಮರುದಿನದ ಗುಳ್ಳೆ ನಿಂತು ಕೂಡಲೇ ಏಳುವ ದದ್ದು ಮಾತ್ರ ಉಳಿಯುತ್ತದೆ. ಕೊನೆಗೆ, ಬಹುಕಾಲ ಬಹಳ ಕಡಿತ ತಿಂದವನಿಗೆ, ಅದೂ ಇಲ್ಲ. ಅಜ್ಜಿ ಕೊನೆಯ ಮೆಟ್ಟಿಲಲ್ಲಿದ್ದಾರೆ, ಮೊಮ್ಮಗು ನಡುವಿನ ಮೆಟ್ಟಿಲಲ್ಲಿದೆ. ಎಲ್ಲರೂ ಒಂದೇ ವೇಗದಲ್ಲಿ ಈ ಮೆಟ್ಟಿಲು ಹತ್ತುವುದಿಲ್ಲ, ಕೆಲವರು ಮಧ್ಯದಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಾರೆ. ಒಂದು ಜಾತಿಯ ಸೊಳ್ಳೆಗೆ ಒಗ್ಗಿದ ಮೈ ಇನ್ನೊಂದು ಜಾತಿಗೆ ಪೂರ್ತಿ ಒಗ್ಗಿರುತ್ತದೆಂದು ಹೇಳುವಂತೆಯೂ ಇಲ್ಲ.

ಇದರಿಂದ ತಿಳಿಯುವುದೇನೆಂದರೆ, ಬಾವು ಸೊಳ್ಳೆ ಮಾಡಿದ್ದಲ್ಲ, ನಮ್ಮ ಮೈಯೇ ಮಾಡಿಕೊಂಡದ್ದು. ಮೈಯೊಳಕ್ಕೆ ಪರಕೀಯ ಪ್ರೋಟೀನು ಬಂದರೆ ಅದನ್ನು ಗುರುತಿಟ್ಟುಕೊಳ್ಳುವ ವ್ಯವಸ್ಥೆ ನಮ್ಮ ರಕ್ತದಲ್ಲಿದೆ. ಹಳೆಯ ಪಾಠಪುಸ್ತಕಗಳಲ್ಲಿ ಸಸಾರಜನಕವೆಂದು ಓದಿದೆವಲ್ಲ, ಅದೇ ಈ ಪ್ರೋಟೀನು. ಗುರುತು ಹಿಡಿಯುವ ಆಳುಗಳಿಗೆ ಪ್ರತಿಕಾಯಗಳೆಂದು ಹೆಸರು. ಅವುಗಳಲ್ಲಿ ಅಲರ್ಜಿಗೆ ಕಾರಣವಾದ ಬಗೆಯನ್ನು 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ದಂಪತಿಗಳಾದ ಕಿಮಿಶಿಗೆ ಇಶಿಜಾಕ ಮತ್ತು ತೆರುಕೊ ಇಶಿಜಾಕ ಕಂಡುಹಿಡಿದರು. ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಖ್ ಎಂಬವರು ಬೇರೆ ದಾರಿಯಿಂದ ಹೊರಟು ಅದೇ ವಸ್ತುವನ್ನು ತಲುಪಿದ್ದರು. ಅದಕ್ಕೆ ಐಜಿಇ ಎಂದು ಹೆಸರಾಯಿತು.

ಐಜಿಇ ಮಾಡುವ ಕೆಲಸ ಹೀಗೆ. ಚರ್ಮದಡಿಯಲ್ಲಿ ಮಾಸ್ಟ್ ಕೋಶಗಳೆಂಬ ಕಣಗಳಿವೆ. ಅವುಗಳ ತುಂಬ ಹಿಸ್ಟಮೀನ್ ಎಂಬ ರಾಸಾಯನಿಕ ಚೀಲ ಕಟ್ಟಿಟ್ಟಂತೆ ಇರುತ್ತದೆ. ಐಜಿಇ ಆ ಕೋಶಗಳ ಮೈಮೇಲೆ ಕಾವಲು ಕುಳಿತಿರುತ್ತದೆ. ತನಗೆ ಪರಿಚಯವಿರುವ ಎಂಜಲಿನ ಪ್ರೋಟೀನು ಬಂದು ತಾಗಿದೊಡನೆ ಚೀಲಗಳು ಒಡೆದು ಹಿಸ್ಟಮೀನ್ ಹೊರಚೆಲ್ಲುತ್ತದೆ. ರಕ್ತನಾಳಗಳು ಸಡಿಲವಾಗಿ ನೀರು ಒಸರಿ ದದ್ದು ಏಳುತ್ತದೆ, ನರಗಳು ಕೆರಳಿ ತುರಿಕೆಯಾಗುತ್ತದೆ. ಇದು ಸುಮಾರು 20 ನಿಮಿಷಗಳಲ್ಲಿ ತುದಿಗೇರಿ ಇಳಿಯುತ್ತದೆ. ಮರುದಿನ ಬರುವ ಗಟ್ಟಿ ಗುಳ್ಳೆ ಬೇರೆ ತಂಡದ ಕೆಲಸ. ಅದರಲ್ಲಿ ರಕ್ತದ ಬಿಳಿಯ ಕಣಗಳು ಬಂದು ಗುಂಪುಗೂಡುತ್ತವೆ. ಅದು 24ರಿಂದ 36 ಗಂಟೆಗಳಲ್ಲಿ ಬಲಿತು, ಇಳಿಯುವುದಕ್ಕೆ ಹಲವು ದಿನ ತೆಗೆದುಕೊಳ್ಳುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸೊಳ್ಳೆಯ ಎಂಜಲೆಂಬುದು ಒಂದು ವಸ್ತುವಲ್ಲ. ಅದರಲ್ಲಿ ನೂರಕ್ಕೂ ಮಿಕ್ಕಿ ಪ್ರೋಟೀನುಗಳಿವೆ. ಇಷ್ಟರಲ್ಲಿ ಹುಡುಗನ ಕೈ ಬಾಯುವಂತೆ ಮಾಡಿದ್ದು ಯಾವುದು? ಊರಲ್ಲಿ ತೆಂಗಿನಕಾಯಿ ಕಳುವಾದರೆ ಜಾತ್ರೆಗೆ ಬಂದ ಸಾವಿರ ಜನರನ್ನೂ ಕಳ್ಳರೆನ್ನಲಾಗದು, ಹೆಸರು ಹಿಡಿದು ಹೇಳಬೇಕು. ಕೆನಡಾ ದೇಶದ ವಿನ್ನಿಪೆಗ್ ಪಟ್ಟಣದಲ್ಲಿರುವ ಮನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಿಕಾಂಗ್ ಪೆಂಗ್ ಮತ್ತು ಎಸ್ಟೆಲ್ ಸೈಮನ್ಸ್ ಎಂಬ ವಿಜ್ಞಾನಿಗಳು ತಮ್ಮ ಸಂಗಡಿಗರೊಂದಿಗೆ 1990ರ ದಶಕದಿಂದ ವರ್ಷಗಟ್ಟಲೆ ಈ ಹೆಸರು ಹಿಡಿಯುವ ಕೆಲಸ ಮಾಡಿದರು. ಅಷ್ಟು ಚಳಿಯ ದೇಶದಲ್ಲಿ ಸೊಳ್ಳೆಯ ಚಿಂತೆಯೇ ಎಂದು ಕೇಳಬೇಡಿ. ಮಂಜು ಕರಗಿ ಬೇಸಗೆ ಬಂದರೆ ಅಲ್ಲಿನ ಸೊಳ್ಳೆಯ ದಂಡು ನಮ್ಮ ಕಾರ್ತೆಲ್ ತಿಂಗಳ ದಂಡಿಗೆ ಸೋಲುವುದಿಲ್ಲ.

ಮೊದಲು ಎಂಜಲು ಸಿಗಬೇಕು. ಸೊಳ್ಳೆಯ ಎದೆಯ ಭಾಗದಲ್ಲಿ ಒಂದು ಜೊತೆ ಎಂಜಲು ಗ್ರಂಥಿಗಳಿವೆ, ಒಂದೊಂದಕ್ಕೂ ಮೂರು ಕವಲು. ಸೂಕ್ಷ್ಮದರ್ಶಕದ ಕೆಳಗಿಟ್ಟು ಸೂಜಿಯಿಂದ ಅವನ್ನು ಎಳೆದು ತೆಗೆಯಬೇಕು. ಒಂದು ಸೊಳ್ಳೆಯಿಂದ ಸಿಗುವ ಪ್ರೋಟೀನು ಮಿಲಿಗ್ರಾಮಿನ ಸಾವಿರದಲ್ಲಿ ಕೆಲವೇ ಪಾಲು. ಆದುದರಿಂದ ನೂರಾರು ಸೊಳ್ಳೆಗಳನ್ನು ಹೀಗೆ ಬಿಡಿಸಬೇಕು. ಸೊಳ್ಳೆಯ ಸೊಂಡಿಲನ್ನು ಎಣ್ಣೆಯಿರುವ ಸಪೂರ ಗಾಜಿನ ನಳಿಗೆಯೊಳಕ್ಕೆ ತೂರಿಸಿ, ಅದು ಉಗುಳುವ ಎಂಜಲನ್ನೇ ಹಿಡಿಯುವ ಕ್ರಮವೂ ಇದೆ. ಎಮ್ಮೆ ಕರೆದು ಅಭ್ಯಾಸವಿರುವ ನಮಗೆ ಸೊಳ್ಳೆ ಕರೆಯುವವರ ತಾಳ್ಮೆಯನ್ನು ನೆನೆದರೆ ಬೆರಗಾಗುತ್ತದೆ.

ಸಿಕ್ಕ ಎಂಜಲನ್ನು ಜೆಲ್ಲಿಯಂಥ ಒಂದು ತೆಳುಹಲಗೆಯ ತುದಿಯಲ್ಲಿಟ್ಟು ವಿದ್ಯುತ್ ಹರಿಸುತ್ತಾರೆ. ಪ್ರೋಟೀನುಗಳು ಆ ಹಲಗೆಯೊಳಗೆ ನುಸುಳಿಕೊಂಡು ಓಡುತ್ತವೆ. ಬೇಲಿಯ ಸಂದಿನಲ್ಲಿ ಕೋಳಿಮರಿ ಸರ್ರನೆ ದಾಟಿಬಿಡುತ್ತದೆ, ಹೇಂಟೆ ಸ್ವಲ್ಪ ತಡೆಯುತ್ತದೆ, ನಾಯಿ ಆರಂಭದಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಹಗುರವಾದವು ದೂರ, ಭಾರವಾದವು ಹತ್ತಿರ, ಒಂದೊಂದು ಒಂದೊಂದು ಗೆರೆಯಾಗಿ ನಿಲ್ಲುತ್ತವೆ. ಆ ಗೆರೆಗಳನ್ನು ಶಾಯಿ ಹೀರುವ ಕಾಗದಕ್ಕೆ ಒತ್ತಿಕೊಂಡಂತೆ ಒಂದು ಹಾಳೆಗೆ ಒತ್ತಿಕೊಳ್ಳುತ್ತಾರೆ. ಬಳಿಕ ಆ ಹಾಳೆಯ ಮೇಲೆ, ಸೊಳ್ಳೆ ಕಚ್ಚಿದರೆ ಬಾಯುವ ರೋಗಿಯ ರಕ್ತದ ತಿಳಿಯನ್ನು ಹಾಯಿಸುತ್ತಾರೆ. ರೋಗಿಯ ಐಜಿಇ ತನ್ನ ಹಳೆಯ ವೈರಿ ಯಾವ ಗೆರೆಯಲ್ಲಿದೆಯೋ ಆ ಗೆರೆಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿದ ಐಜಿಇಯನ್ನು ಮಾತ್ರ ಬಣ್ಣದಿಂದಲೋ ಬೆಳಕಿನಿಂದಲೋ ತೋರಿಸುವ ಉಪಾಯಗಳಿವೆ. ನೂರು ಗೆರೆಗಳಲ್ಲಿ ನಾಲ್ಕೈದು ಮಾತ್ರ ಎದ್ದು ಕಾಣುತ್ತವೆ. ಸೊಳ್ಳೆಗೆ ಬಾಯದವನ ರಕ್ತವನ್ನು ಹಾಯಿಸಿದರೆ ಆ ಗೆರೆಗಳು ಮಂಕು, ಇಲ್ಲವೆ ಖಾಲಿ. ಹೀಗೆ ಸಾಕ್ಷಿ ಹೇಳುವುದು ರೋಗಿಯ ರಕ್ತವೇ.

ಗುರುತಾದ ಪ್ರೋಟೀನುಗಳಿಗೆ ಹೆಸರಿಡುವುದಕ್ಕೆ ಜಗತ್ತೆಲ್ಲ ಒಪ್ಪಿದ ಒಂದು ಕ್ರಮವಿದೆ. ಜೀವಿಯ ವೈಜ್ಞಾನಿಕ ಹೆಸರಿನ ಮೊದಲ ಪದದಿಂದ ಮೂರಕ್ಷರ, ಎರಡನೆಯ ಪದದಿಂದ ಒಂದಕ್ಷರ, ಆಮೇಲೆ ಅಂಕೆ. ಹಗಲು ಕಚ್ಚುವ, ಕಾಲಿನಲ್ಲಿ ಬಿಳಿ ಪಟ್ಟೆಯಿರುವ, ಡೆಂಗ್ಯೂ ಹರಡುವ ಸೊಳ್ಳೆ ಏಡೀಸ್ ಈಜಿಪ್ಟಿ. ಆದುದರಿಂದ ಅದರ ಪ್ರೋಟೀನುಗಳು ಏಡ್ ಎ 1, ಏಡ್ ಎ 2, ಹೀಗೆ.

ಏಡ್ ಎ 1 ಎಂಬುದು ಅಪೈರೇಸ್ ಎಂಬ ಕಿಣ್ವ. ಇದರ ತೂಕ ಸುಮಾರು 68,000 ಡಾಲ್ಟನ್. ಒಂದು ಜಲಜನಕ ಪರಮಾಣುವಿನ ತೂಕ ಸುಮಾರು ಒಂದು ಡಾಲ್ಟನ್ ಎಂದರೆ ಅಂದಾಜು ಸಿಗುತ್ತದೆ. ಚರ್ಮ ಹರಿದಾಗ ಒಡೆದ ಜೀವಕೋಶಗಳಿಂದ ಎಡಿಪಿ ಎಂಬ ವಸ್ತು ಹೊರಬಂದು, "ಇಲ್ಲಿ ಸೋರುತ್ತಿದೆ, ಬನ್ನಿ" ಎಂದು ರಕ್ತದ ಚಪ್ಪಟೆ ಕಣಗಳನ್ನು ಕರೆಯುತ್ತದೆ. ಅವು ಬಂದು ತೂತು ಮುಚ್ಚುತ್ತವೆ. ಅಪೈರೇಸ್ ಆ ಎಡಿಪಿಯನ್ನೇ ಮುರಿದುಹಾಕಿ ಕೂಗು ಕೇಳಿಸದಂತೆ ಮಾಡುತ್ತದೆ. ಇದನ್ನು 1984ರ ಸುಮಾರಿಗೆ ವಿವರಿಸಿದವರು ಬ್ರೆಜಿಲಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಜೋಸೆ ರಿಬೇರೊ. ಎಂಜಲಿಲ್ಲದ ಸೊಳ್ಳೆಯೂ ರಕ್ತ ಕುಡಿಯಬಲ್ಲದು, ಆದರೆ ರಕ್ತನಾಳ ಹುಡುಕುವುದಕ್ಕೆ ಅದಕ್ಕೆ ಹೆಚ್ಚು ಹೊತ್ತು ಬೇಕು ಎಂದು ಅವರು ತೋರಿಸಿದರು. ಹೆಚ್ಚು ಹೊತ್ತು ಕುಳಿತ ಸೊಳ್ಳೆ ಪೆಟ್ಟು ತಿಂದು ಸಾಯುತ್ತದೆ. ಎಂಜಲು ಅದಕ್ಕೆ ಪ್ರಾಣರಕ್ಷಕ.

ಏಡ್ ಎ 2 ಇನ್ನೂ ವಿಚಿತ್ರ. 37,000 ಡಾಲ್ಟನ್ ತೂಕದ ಇದು ಡಿ7 ಎಂಬ ಬಳಗಕ್ಕೆ ಸೇರಿದ್ದು. ಈ ಬಳಗದ ಪ್ರೋಟೀನುಗಳು ನಮ್ಮ ಮೈಯ ಹಿಸ್ಟಮೀನ್ ಮೊದಲಾದವನ್ನು ಹಿಡಿದು ಕಟ್ಟಿಹಾಕುತ್ತವೆಂದು 2006ರಲ್ಲಿ ತಿಳಿದುಬಂತು. ಅಂದರೆ ತುರಿಕೆಯಾಗದಂತೆ, ನಾವು ಎಚ್ಚರಗೊಳ್ಳದಂತೆ ಸೊಳ್ಳೆ ತಂದ ಮದ್ದು ಇದು. ಆ ಮದ್ದನ್ನೇ ನಮ್ಮ ಐಜಿಇ ವೈರಿಯೆಂದು ಗುರುತಿಟ್ಟು, ಅದು ಕಂಡಾಗಲೆಲ್ಲ ಹಿಸ್ಟಮೀನಿನ ಚೀಲ ಒಡೆಯುತ್ತದೆ. ಬೆಂಕಿ ಆರಿಸಲು ಬಂದವನನ್ನು ಕಂಡು ಮನೆಯವರೇ ಬೆಂಕಿ ಹಚ್ಚಿಕೊಂಡ ಹಾಗೆ!

ಏಡ್ ಎ 3 ಸುಮಾರು 30,000 ಡಾಲ್ಟನಿನದು. ಅದರ ಬಳಗದವು ಗಾಯದ ಬಾಯಿಯಲ್ಲಿ ಕಾಣಿಸುವ ಕೊಲ್ಲಾಜನ್ ಎಂಬ ನಾರಿಗೆ ಅಂಟಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಏಡ್ ಎ 4 ಸಕ್ಕರೆ ಜೀರ್ಣಿಸುವ ಕಿಣ್ವ, ಮಕರಂದ ಕುಡಿಯುವ ಕೆಲಸಕ್ಕೆ ಬೇಕಾದದ್ದು. ಇದನ್ನು ಅದೇ ವಿನ್ನಿಪೆಗ್ಗಿನ ತಂಡವು 2016ರಲ್ಲಿ ಪ್ರಕಟಿಸಿತು. ಅದರ ತೂಕ 67,000, ಏಡ್ ಎ 1ರದ್ದು 68,000. ಜೆಲ್ಲಿಯ ಹಲಗೆಯ ಮೇಲೆ ಇವೆರಡೂ ಹೆಚ್ಚುಕಡಮೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಗೆರೆ ನೋಡಿ ಇಬ್ಬರಲ್ಲಿ ಯಾರೆಂದು ಹೇಳಲಾಗದು. ಆದುದರಿಂದ ಒಂದೊಂದು ಪ್ರೋಟೀನನ್ನೂ ಬೇರೆಬೇರೆಯಾಗಿ ತಯಾರಿಸಿ ನೋಡಬೇಕಾಯಿತು.

ಇಲ್ಲಿ ರೈತರಿಗೆ ಪರಿಚಯವಿರುವ ಒಂದು ಜೀವಿ ನೆರವಿಗೆ ಬರುತ್ತದೆ. ಜತ್ತ, ಅಕ್ಕಲಕೋಟೆ, ಆದವಾನಿ ಕಡೆಯ ವಾಚಕರು ತೊಗರಿ ಕಡಲೆಗಳ ಕಾಯಿಕೊರಕ ಹುಳಕ್ಕೆ ಎನ್‌ಪಿವಿ ಎಂಬ ವೈರಸ್ ದ್ರಾವಣ ಸಿಂಪಡಿಸುವುದನ್ನು ಬಲ್ಲರು. ಹುಳ ತಲೆಕೆಳಗಾಗಿ ಜೋತುಬಿದ್ದು ಸಾಯುವುದಲ್ಲ, ಅದೇ. ಆ ವೈರಸ್ಸಿನ ಬಳಗಕ್ಕೆ ಬ್ಯಾಕ್ಯುಲೊವೈರಸ್ ಎಂದು ಹೆಸರು. ಸೊಳ್ಳೆಯ ಏಡ್ ಎ 1ರ ವಂಶವಾಹಿಯನ್ನು, ಅಂದರೆ ಜೀನನ್ನು, ಇಂಥ ವೈರಸ್ಸಿನೊಳಗೆ ಸೇರಿಸಿ, ಅದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಹುಳುವಿನ ಜೀವಕೋಶಗಳಿಗೆ ಬಿಡುತ್ತಾರೆ. ಆ ಕೋಶಗಳು ಸೊಳ್ಳೆಯ ಪ್ರೋಟೀನನ್ನು ಧಾರಾಳವಾಗಿ ತಯಾರಿಸಿಕೊಡುತ್ತವೆ. ಮನಿಟೋಬಾದವರು 1998ರ ಹೊತ್ತಿಗೆ ಹೀಗೆ ಮಾಡಿ ಶುದ್ಧ ಪ್ರೋಟೀನು ಪಡೆದರು. ನೂರಾರು ಸೊಳ್ಳೆ ಬಿಡಿಸುವ ಕಷ್ಟವೂ ತಪ್ಪಿತು. ಆ ಶುದ್ಧ ಪ್ರೋಟೀನನ್ನು ರೋಗಿಗಳ ಚರ್ಮದಲ್ಲಿ ಅತ್ಯಲ್ಪ ಚುಚ್ಚಿ ನೋಡಿದಾಗ ಸೊಳ್ಳೆ ಕಚ್ಚಿದಂತೆಯೇ ದದ್ದು ಎದ್ದಿತು. ಎಲ್ಲರಿಗೂ ಒಂದೇ ಪ್ರೋಟೀನಿಗೆ ಅಲ್ಲ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಎರಡು ಮೂರು ಒಟ್ಟಿಗೆ.

ಇಷ್ಟೆಲ್ಲ ತೊಂದರೆ ಏಕೆ, ಸೊಳ್ಳೆಯನ್ನೇ ಅರೆದು ಪರೀಕ್ಷೆ ಮಾಡಬಾರದೇ ಎಂದರೆ, ಬಹುಕಾಲ ಮಾಡಿದ್ದು ಅದನ್ನೇ. ಇಡೀ ಸೊಳ್ಳೆಯನ್ನು ಅರೆದು ತೆಗೆದ ಕಷಾಯದಿಂದ ಚರ್ಮದ ಪರೀಕ್ಷೆ ಮಾಡುವ ಪದ್ಧತಿ ಈಗಲೂ ಇದೆ. ಅದರ ಕೊರತೆಯೆಂದರೆ ಆ ಕಷಾಯದಲ್ಲಿ ಎಂಜಲಿನ ಪಾಲು ತೀರ ಕಡಮೆ, ಉಳಿದದ್ದು ಸೊಳ್ಳೆಯ ಮೈಯ ಮಾಂಸ. ಆ ಮಾಂಸದಲ್ಲಿ ಟ್ರೋಪೊಮಯೊಸಿನ್ ಎಂಬ ಪ್ರೋಟೀನು ಇದೆ. ಏಡ್ ಎ 10 ಎಂದು ಪಟ್ಟಿಯಲ್ಲಿರುವುದು ಇದೇ. ಸಿಗಡಿಯ ಮಾಂಸದಲ್ಲೂ ಜಿರಳೆಯಲ್ಲೂ ಮನೆಯ ಧೂಳಿನ ನುಸಿಯಲ್ಲೂ ಇದರ ಒಡಹುಟ್ಟುಗಳಿವೆ. ಸಿಗಡಿ ತಿಂದರೆ ಮೈ ತುರಿಸುವ ಕರಾವಳಿಯ ಒಬ್ಬನಿಗೆ ಸೊಳ್ಳೆಯ ಕಷಾಯ ಚುಚ್ಚಿದರೂ ದದ್ದು ಏಳಬಹುದು. ಆದರೆ ಸೊಳ್ಳೆ ಕಚ್ಚಿದರೆ ಅವನಿಗೆ ಏನೂ ಆಗದೆ ಇರಬಹುದು. ಇದಕ್ಕೆ ವಿರುದ್ಧವಾಗಿ, ನಿಜವಾಗಿ ಬಾಯುವ ನಮ್ಮ ಹುಡುಗನಂಥವನಿಗೆ, ಎಂಜಲಿನ ಪಾಲು ಸಾಲದೆ, ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಕಂಡದ್ದನ್ನು ನಂಬಿ ಔಷಧ ಕೊಟ್ಟರೂ ತಪ್ಪು, ಕಾಣದ್ದನ್ನು ನಂಬಿ ಸುಮ್ಮನಿದ್ದರೂ ತಪ್ಪು. ಪ್ರೋಟೀನುಗಳನ್ನು ಒಂದೊಂದಾಗಿ ಗುರುತಿಸುವ ಕೆಲಸದ ಬೆಲೆ ಇಲ್ಲಿ ತಿಳಿಯುತ್ತದೆ. ಕೆಲವು ಪ್ರೋಟೀನುಗಳ ಹೋಲಿಕೆ ಏಡೀಸ್, ಚರಂಡಿಯ ಕ್ಯೂಲೆಕ್ಸ್, ಮಲೇರಿಯದ ಅನಾಫಿಲಿಸ್ ಮೂರರಲ್ಲೂ ಇದೆ, ಕೆಲವು ಒಂದೊಂದು ಜಾತಿಗೇ ಮೀಸಲು. ಹಾಗಾಗಿ ಒಂದು ಸೊಳ್ಳೆಯ ಪಟ್ಟಿ ಮಾಡಿದರೆ ಕೆಲಸ ಮುಗಿಯುವುದೂ ಇಲ್ಲ. ಶುದ್ಧ ಪ್ರೋಟೀನಿನ ಪರೀಕ್ಷೆ ನಮ್ಮ ತಾಲೂಕು ಆಸ್ಪತ್ರೆಗಳ ಮಟ್ಟಕ್ಕೆ ಬಂದಿಲ್ಲವೆಂಬುದನ್ನೂ ಮರೆಮಾಚದೆ ಹೇಳಬೇಕು. ಸದ್ಯಕ್ಕೆ ತಾಯಿಯ ಕಣ್ಣು, ವೈದ್ಯರ ಪ್ರಶ್ನೆ, ಇವೇ ನಮಗಿರುವ ಪರೀಕ್ಷೆಗಳು.

ಆ ಪ್ರಶ್ನೆ ಹೇಗೆ ಕೇಳಬೇಕೆಂದು ತಿಳಿದಿದ್ದರೆ ಸಾಕು, ಅರ್ಧ ಕೆಲಸವಾದಂತೆ. ಪೆಂಗ್ ಮತ್ತು ಸೈಮನ್ಸ್ ಅವರು 1999ರಲ್ಲಿ, ಸೊಳ್ಳೆ ಕಚ್ಚಿ ವಿಪರೀತ ಬಾತ, ಕೆಲವೊಮ್ಮೆ ಜ್ವರವೂ ಬಂದ ಎಳೆಯ ಮಕ್ಕಳ ವಿಷಯ ಬರೆದು ಅದಕ್ಕೆ ಸ್ಕೀಟರ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅಲ್ಲಿನ ಆಡುಮಾತಿನಲ್ಲಿ ಸೊಳ್ಳೆಗೆ ಸ್ಕೀಟರ್ ಎನ್ನುತ್ತಾರೆ. ಕಣ್ಣಿಗೆ ಅದು ಕೀವಿನ ಬಾವಿನಂತೆಯೇ ಕೆಂಪು, ಬಿಸಿ, ಗಟ್ಟಿ. ವ್ಯತ್ಯಾಸ ತಿಳಿಯುವುದು ಗಡಿಯಾರದಿಂದ. ಅಲರ್ಜಿಯ ಬಾವು ಕಚ್ಚಿದ ಕೆಲವೇ ಗಂಟೆಗಳಲ್ಲಿ ಏಳುತ್ತದೆ, ಅದರಲ್ಲಿ ತುರಿಕೆ ಮುಂದು, ನೋವು ಹಿಂದು. ಕೀವಿನ ಬಾವಿಗೆ ಕ್ರಿಮಿಗಳು ಬೆಳೆಯಬೇಕಾದುದರಿಂದ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಅದರಲ್ಲಿ ನೋವು ಮುಂದು, ದಿನದಿಂದ ದಿನಕ್ಕೆ ಏರುತ್ತದೆ. ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಕಾರ. ಕೆರೆದು ಕೆರೆದು ಉಗುರಿನ ಕೊಳೆ ಸೇರಿ ಅಲರ್ಜಿಯ ಬಾವೇ ಆಮೇಲೆ ಕೀವಾಗುವುದೂ ಉಂಟು. ಆದುದರಿಂದ ಎರಡನೆಯ ಮೂರನೆಯ ದಿನ ಕೆಂಪು ಗೆರೆ ದಾಟಿ ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ತಡಮಾಡತಕ್ಕದ್ದಲ್ಲ. ಮಳೆಗಾಲದ ಜ್ವರವನ್ನು ಸೊಳ್ಳೆಯ ಅಲರ್ಜಿಯೆಂದು ಮನೆಯಲ್ಲೇ ತೀರ್ಮಾನಿಸುವುದು ಅಪಾಯ, ಅದು ಡೆಂಗ್ಯೂ ಇದ್ದೀತು. ಕಚ್ಚಿದೊಡನೆ ಮೈಯೆಲ್ಲ ದದ್ದೆದ್ದು, ತುಟಿ ನಾಲಗೆ ಬಾತು, ಉಬ್ಬಸ ಬಂದರೆ ಅಥವಾ ತಲೆ ಸುತ್ತಿ ಬಿದ್ದರೆ, ಇದು ಅಪರೂಪವೇ ಆದರೂ, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಮಿಕ್ಕಂತೆ ಸೋಪು ನೀರಿನಲ್ಲಿ ತೊಳೆದು ತಣ್ಣೀರು ಬಟ್ಟೆ ಇಡುವುದು, ಮಗುವಿನ ಉಗುರು ಕತ್ತರಿಸುವುದು, ಕಲಮಿನ್ ಹಚ್ಚುವುದು. ಹಿಸ್ಟಮೀನ್ ತಡೆಯುವ ಮಾತ್ರೆಗಳಿವೆ. ಅವುಗಳಲ್ಲಿ ಸೆಟಿರಿಜಿನ್ ಎಂಬುದನ್ನು ಮೊದಲೇ ನುಂಗಿದ್ದರೆ ದದ್ದೂ ತುರಿಕೆಯೂ ಕಡಮೆಯಾಗುತ್ತದೆಂದು ಫಿನ್ಲೆಂಡಿನಲ್ಲಿ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸುಣ್ಣ, ಸೀಮೆಎಣ್ಣೆ, ಹೊಗೆಸೊಪ್ಪಿನ ರಸ ಹಚ್ಚುವವರನ್ನು ಕಂಡಿದ್ದೇವೆ. ಚರ್ಮ ಸುಟ್ಟು ಹೊಸದೊಂದು ಬಾವು ಆಗುವುದಷ್ಟೇ ಲಾಭ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ಮೈಗೆ, ಹಾಸಿಗೆಗೆ ಚಿಮುಕಿಸಿದವರನ್ನೂ ಕಂಡಿದ್ದೇವೆ. ಇದರ ಬಗ್ಗೆ ಮಾತು ಬೇಡ, ಮಾಡಲೇಬೇಡಿ.

ಎಂಜಲು ಮೈಗೆ ಇಳಿಯದಿದ್ದರೆ ಅಲರ್ಜಿಯ ಮಾತೇ ಇಲ್ಲ. ತೋಟದವರಾದ ನಮ್ಮ ಪಾಲು ಇದರಲ್ಲಿ ದೊಡ್ಡದು. ಬಿದ್ದ ಅಡಿಕೆ ಹಾಳೆ ದೋಣಿಯಂತೆ ನೀರು ಹಿಡಿದು ವಾರಗಟ್ಟಲೆ ನಿಲ್ಲುತ್ತದೆ. ಒಡೆದ ತೆಂಗಿನ ಗೆರಟೆ, ಹಳೆಯ ಟಯರು, ಮುಚ್ಚಳವಿಲ್ಲದ ಡ್ರಮ್ಮು ಕೂಡ ಹಾಗೆಯೇ. ರಬ್ಬರು ಇರುವವರು ಕಡಿತ ನಿಲ್ಲಿಸಿದ ದಿನಗಳಲ್ಲಿ ಹಾಲು ಹಿಡಿಯುವ ಗೆರಟೆಗಳನ್ನು ಮರದಲ್ಲೇ ಮೇಲ್ಮುಖವಾಗಿ ಬಿಟ್ಟರೆ ಒಂದೊಂದು ಮರಕ್ಕೂ ಒಂದೊಂದು ಸೊಳ್ಳೆಯ ತೊಟ್ಟಿಲು ಕಟ್ಟಿದಂತೆ. 2006-07ರಲ್ಲಿ ಕೇರಳದಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ರಬ್ಬರು ತೋಟದ ಈ ಗೆರಟೆಗಳತ್ತ ಎಲ್ಲರ ಕಣ್ಣು ಬಿತ್ತು. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಡ್ರಮ್ಮಿನ ಒಳಗೋಡೆಯನ್ನು ಉಜ್ಜಬೇಕು. ಏಡೀಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು ಮುಂದಿನ ಮಳೆಗೆ ಒಡೆಯುತ್ತದೆ. ಈ ಜಾತಿ ಹಗಲು ಕಚ್ಚುವುದರಿಂದ ಹಗಲು ಮಲಗುವ ಕೂಸಿಗೂ ಸೊಳ್ಳೆ ಪರದೆ ಬೇಕು. ತೋಟಕ್ಕೆ ಹೋಗುವ ಮಕ್ಕಳಿಗೆ ಉದ್ದ ತೋಳಿನ ಅಂಗಿ ಹಾಕಿಸಿ. ಬಿಸಿಲಿಗೆ ಬೇಡವೆನ್ನುವ ಮಕ್ಕಳು ಮಳೆಗಾಲದಲ್ಲಿ ಒಪ್ಪುತ್ತಾರೆ.

ಆ ಹುಡುಗ ಈಗ ಏಳನೆಯ ತರಗತಿ. ಕಳೆದ ಆಟಿಯಲ್ಲಿ ಮೂರು ಬಾರಿ ಮಾತ್ರ ಬಾತಿತು, ಅದೂ ನೆಲ್ಲಿಕಾಯಿಯಷ್ಟು. ಮೆಲ್ಲನ್‌ಬಿಯವರ ಮೆಟ್ಟಿಲು ಹತ್ತುತ್ತಿದ್ದಾನೋ, ಮನೆಯವರು ತೋಟದ ಹಾಳೆ ಹೆಕ್ಕಿದ್ದರಿಂದಲೋ, ಎರಡೂ ಇರಬಹುದು. ಈ ವರ್ಷ ಅವನ ತಂಗಿಗೆ ಆರಂಭವಾಗಿದೆ. ಜೂನ್ ಕೊನೆಯಲ್ಲಿ ಆಕೆ ಒಂದನೆಯ ತರಗತಿಗೆ ಬಂದಾಗ ಬಾತ ಕೆನ್ನೆಯ ಸುತ್ತ ನೀಲಿ ಶಾಯಿಯ ಗೆರೆಯಿತ್ತು, ಪಕ್ಕದಲ್ಲಿ ತಾಯಿಯ ಕೈಬರಹದಲ್ಲಿ "ಸಂಜೆ 5" ಎಂದಿತ್ತು.